ಸಾಕುಮೊಲದ ತೂಕ: ತಕ್ಕಡಿಗಿಂತ ಮೊದಲು ಕೈ

ಎತ್ತು ಕೊಳ್ಳುವಾಗ ನಮ್ಮ ಕಡೆಯ ಒಕ್ಕಲಿಗನು ಕಣ್ಣನ್ನಷ್ಟೇ ನಂಬುವದಿಲ್ಲ. ಸೊಲ್ಲಾಪುರದ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯಿರಲಿ, ಊರ ಹತ್ತಿರದ ವಾರದ ಸಂತೆಯಿರಲಿ, ಖಿಲ್ಲಾರಿ ಹೋರಿಯ ಬೆನ್ನ ಮೇಲೆ ಕೈಯಾಡಿಸುತ್ತಾನೆ, ಪಕ್ಕೆಲುಬು ಒತ್ತಿ ನೋಡುತ್ತಾನೆ, ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಅದಾದ ಮೇಲೆಯೇ ಬೆಲೆಯ ಮಾತು. ಆಡು ಕೊಳ್ಳುವವನೂ ಬೆನ್ನುಮೂಳೆಯನ್ನು ಹಿಡಿದು ನೋಡದೆ ರೊಕ್ಕ ಎಣಿಸುವದಿಲ್ಲ. ಇಷ್ಟೆಲ್ಲ ಬಲ್ಲ ಮನೆಯಲ್ಲಿ ಮಕ್ಕಳ ಸಲುವಾಗಿ ತಂದ ಒಂದು ಬಿಳಿ ಮೊಲವಿದ್ದರೆ ಮಾತ್ರ ಅದರ ಮೈಮೇಲೆ ಯಾರೂ ಹಾಗೆ ಕೈಯಿಡುವದಿಲ್ಲ. ದೂರದಿಂದ ನೋಡಿ, “ದುಂಡಗೈತಿ, ಚಲೋ ಐತಿ” ಎಂದು ಹೇಳಿ ಮುಗಿಸುತ್ತಾರೆ. ಬೇರೆ ಯಾರಾದರೂ ಸಂಶಯ ಎತ್ತಿದರೆ, ತಾ ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯಂತೆ ಹಟವನ್ನೇ ಸಾಧಿಸುತ್ತಾರೆ.

ಈ ವಾರ ಈ ಪುಟದಲ್ಲಿ ನಾವು ಹೇಳುವದು ಒಂದೇ ಮಾತು. ಮೊಲವು ಸರಿಯಾದ ತೂಕದಲ್ಲಿದೆಯೋ ಇಲ್ಲವೋ ಎಂಬದನ್ನು ಕಣ್ಣು ಹೇಳಲಾರದು, ಬರಿಯ ತಕ್ಕಡಿಯೂ ಹೇಳಲಾರದು. ಮೊದಲು ಕೈ ಹೇಳಬೇಕು, ಆಮೇಲೆ ತಕ್ಕಡಿ ಅದಕ್ಕೆ ಸಾಕ್ಷಿಯಾಗಬೇಕು. ಎತ್ತು ನೋಡಿದ ಕೈಗೆ ಇದೇನೂ ಹೊಸ ವಿದ್ಯೆಯಲ್ಲ. ಗೊತ್ತಿದ್ದ ವಿದ್ಯೆಯನ್ನು ಸಣ್ಣ ಪ್ರಾಣಿಯ ಮೇಲೆ ನಡೆಸುವದಷ್ಟೇ ಉಳಿದಿದೆ.

ಇದು ಸಣ್ಣ ಮಾತೆಂದು ಓದುಗರು ತಿಳಿಯಬಾರದು. ಸೊಲ್ಲಾಪುರ ಪೇಟೆಯಿಂದ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಿಗೆ ಮಕ್ಕಳ ಹಟಕ್ಕೆಂದು ಬರುವ ಮೊಲಗಳಲ್ಲಿ ಎಷ್ಟೋ ಎರಡನೆಯ ಬೇಸಿಗೆಯನ್ನು ಕಾಣುವದಿಲ್ಲ. “ಬಿಸಿಲು ತಡೀಲಿಲ್ಲ” ಎಂದು ಹಿರಿಯರು ಹೇಳುತ್ತಾರೆ, ಮಗು ಅಳುತ್ತದೆ, ಹಿತ್ತಲಲ್ಲಿ ಒಂದು ಕುಣಿ ತೋಡುತ್ತಾರೆ. ಬಿಸಿಲೆಂಬದು ಸುಳ್ಳಲ್ಲ. ಆದರೆ ಅದೇ ಬಿಸಿಲಲ್ಲಿ ಒಂದು ಮೊಲ ಬದುಕಿ ಇನ್ನೊಂದು ಸಾಯುವದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ಹಲವು ಸಲ ಮೊಲದ ಮೈಯಲ್ಲಿಯೇ ಇರುತ್ತದೆ.

ದಪ್ಪವೇ ಸುಖವೆಂಬ ನಂಬಿಕೆ

ನಮ್ಮ ಜನ ದಪ್ಪ ಮೈಯನ್ನು ಮೆಚ್ಚುವದಕ್ಕೆ ಕಾರಣವಿದೆ. ಇದು ಬರಗಾಲದ ಸೀಮೆ. 1972ರ ಬರದಲ್ಲಿ ದನಗಳ ಪಕ್ಕೆಲುಬು ಎಣಿಸಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ನಡುವಯಸ್ಸಿನವರು 2012-13ರಲ್ಲಿ ಸೊಲ್ಲಾಪುರ ಜಿಲ್ಲೆಯ ಮೇವಿನ ಛಾವಣಿಗಳಲ್ಲಿ ಎತ್ತು-ಆಕಳುಗಳನ್ನು ತಿಂಗಳುಗಟ್ಟಲೆ ಕಟ್ಟಿದ್ದನ್ನು ಕಂಡಿದ್ದಾರೆ. ಇಂಥ ಕಾಲ ಕಂಡವರಿಗೆ ಎಲುಬು ಕಾಣುವದೇ ದುಃಖದ ಗುರುತು, ಎಲುಬು ಮುಚ್ಚುವದೇ ದೇವರ ದಯೆ. ಈ ಭಾವನೆಯನ್ನು ನಾವು ಹಳಿಯುವದಿಲ್ಲ.

ಆದರೆ ಎತ್ತು ದುಡಿಯುತ್ತದೆ. ತಿಂದದ್ದನ್ನು ನೊಗದ ಕೆಳಗೆ ಕರಗಿಸುತ್ತದೆ. ಪಂಜರದೊಳಗೆ ಕುಳಿತ ಮೊಲಕ್ಕೆ ನೊಗವೆಲ್ಲಿದೆ? ತಿಂದದ್ದೆಲ್ಲ ಕೊಬ್ಬಾಗಿ ಕೂಡುತ್ತದೆ. ಅದರ ಮೇಲೆ ಮನೆಯ ಪ್ರೀತಿ. ಬೆಳಿಗ್ಗೆ ಚಹದೊಡನೆ ಒಂದು ಬಿಸ್ಕೀಟು ಮಗು ಕೊಡುತ್ತದೆ, ಮಧ್ಯಾಹ್ನ ರೊಟ್ಟಿಯ ಚೂರನ್ನು ಅಜ್ಜಿ ಹಾಕುತ್ತಾಳೆ, ಸಂಜೆಗೆ ಹಿಡಿ ಸಜ್ಜೆ ಅಥವಾ ಕಡಲೆ, ಹಬ್ಬಕ್ಕೆ ಬೆಲ್ಲ. ಲೆಕ್ಕ ಮಾಡಿ ನೋಡಿರಿ. ಮಗುವಿನ ತೂಕ 20 ಕಿಲೋ, ಮೊಲದ ತೂಕ 2 ಕಿಲೋ. ಮೊಲಕ್ಕೆ ಕೊಟ್ಟ ಒಂದು ಬಿಸ್ಕೀಟು ತೂಕದ ಲೆಕ್ಕದಲ್ಲಿ ಮಗುವಿಗೆ ಹತ್ತು ಬಿಸ್ಕೀಟು ಕೊಟ್ಟಂತೆ. ಅದೂ ಹುಲ್ಲನ್ನು ಅರಗಿಸಿಕೊಳ್ಳಲಿಕ್ಕೆ ಹುಟ್ಟಿದ ಹೊಟ್ಟೆಗೆ.

ಒಂದೇ ಹೆಸರು, ಎರಡು ಪ್ರಾಣಿ

ಇಲ್ಲಿ ನಮ್ಮ ಭಾಷೆಯೂ ಸ್ವಲ್ಪ ಮೋಸ ಮಾಡುತ್ತದೆ. ಹೊಲದ ಬದುವಿನಿಂದ ಹಾರಿ ಓಡುವದಕ್ಕೂ ‘ಮೊಲ’ ಎನ್ನುತ್ತೇವೆ, ಪೇಟೆಯಿಂದ ತಂದ ಬಿಳಿಯದಕ್ಕೂ ‘ಮೊಲ’ ಎನ್ನುತ್ತೇವೆ. ಮರಾಠಿಯಲ್ಲಿಯೂ ಎರಡಕ್ಕೂ ‘ಸಸಾ’ ಎಂಬದೇ ಹೆಸರು. ನಿಜವಾಗಿ ಇವು ಬೇರೆ ಬೇರೆ ಜಾತಿ. ನಮ್ಮ ಕಾಡುಮೊಲದ ಮರಿ ಮೈತುಂಬ ಕೂದಲಿದ್ದು ಕಣ್ಣು ತೆರೆದೇ ಹುಟ್ಟುತ್ತದೆ, ಬಯಲಲ್ಲೇ ಬೆಳೆಯುತ್ತದೆ. ಸಾಕುಮೊಲದ ಮರಿ ಕೂದಲಿಲ್ಲದೆ, ಕಣ್ಣು ಮುಚ್ಚಿ, ಗೂಡಿನಲ್ಲಿ ಹುಟ್ಟುತ್ತದೆ. ಇದರ ಮೂಲಪುರುಷರು ಸ್ಪೇನ್-ಪೋರ್ತುಗಾಲ ಸೀಮೆಯ ಬಿಲವಾಸಿಗಳು. ಇವೆರಡೂ ಕೂಡಿ ಸಂತಾನವಾಗುವದೂ ಇಲ್ಲ.

ಆದಕಾರಣ ಕಾಡುಮೊಲದ ಉದ್ದ ಕಾಲು, ಬಡಕಲು ಮೈ ನೋಡಿ ಸಾಕುಮೊಲವನ್ನು ಅಳೆಯಬಾರದು. ಸಾಕುಮೊಲವನ್ನು ನೋಡಿ ಕಾಡುಮೊಲದ ಮರಿಯನ್ನು ಮನೆಗೆ ತರಲೂಬಾರದು. ಜೋಳ ಕೊಯ್ಯುವಾಗ ಸಾಲಿನಲ್ಲಿ ಮರಿ ಸಿಕ್ಕರೆ ಅದು ತಬ್ಬಲಿಯೆಂದು ತಿಳಿಯುವದು ತಪ್ಪು. ತಾಯಿ ದಿನವೆಲ್ಲ ಮರಿಯ ಬಳಿ ಕೂಡ್ರುವದಿಲ್ಲ, ಹೊತ್ತಿಗೆ ಬಂದು ಹಾಲೂಡಿಸಿ ಹೋಗುತ್ತದೆ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣ ಕಾಯದೆಯಂತೆ ಕಾಡುಮೊಲವನ್ನು ಹಿಡಿಯುವದೂ ಸಾಕುವದೂ ಅಪರಾಧ. ನಾವು ಮುಂದೆ ಹೇಳುವದೆಲ್ಲ ಸಾಕುಮೊಲದ ಮಾತು.

ತಕ್ಕಡಿ ಒಂದೇ ಸಾಲದೇಕೆ?

“ಎಷ್ಟು ಕಿಲೋ ಇರಬೇಕು, ಒಂದು ಅಂಕಿ ಹೇಳಿಬಿಡಿರಿ” ಎಂದು ಕೇಳುವವರುಂಟು. ಆ ಒಂದು ಅಂಕಿಯೇ ಇಲ್ಲ. ನ್ಯೂಜಿಲಂಡ್ ವೈಟ್ ಎಂಬ ಬಿಳಿ ತಳಿ ಬಲಿತಾಗ 4ರಿಂದ 5 ಕಿಲೋ ತೂಗುತ್ತದೆ. ಸೋವಿಯತ್ ಚಿಂಚಿಲ್ಲಾ ಎಂಬ ಬೂದು ತಳಿಯೂ ಸುಮಾರಾಗಿ ಅಷ್ಟೇ. ನೆದರ್ಲಂಡ್ ಡ್ವಾರ್ಫ್ ಎಂಬ ಕುಳ್ಳ ತಳಿ ಬಲಿತರೂ ಒಂದು ಕಿಲೋದ ಸುತ್ತಮುತ್ತ. ನಮ್ಮ ಪೇಟೆಗಳಲ್ಲಿ ಸಿಗುವವು ಬಹುಮಟ್ಟಿಗೆ ಬೆರಕೆ. ಮಾರುವವನಿಗೇ ಅದರ ತಂದೆತಾಯಿ ಯಾವ ತಳಿ ಎಂದು ಗೊತ್ತಿರುವದಿಲ್ಲ. ಹೀಗಿರಲು ಎರಡೂವರೆ ಕಿಲೋ ಎಂಬ ಅಂಕಿಯಿಂದ ಏನು ತಿಳಿಯಬೇಕು? ದೊಡ್ಡ ತಳಿಯ ಮೊಲಕ್ಕೆ ಅದು ಉಪವಾಸದ ತೂಕ, ಕುಳ್ಳ ತಳಿಯದಕ್ಕೆ ಹೊರಲಾರದ ಹೊರೆ.

ಕಣ್ಣಿನ ಗತಿಯೂ ಇದೇ. ಮೊಲದ ಕೂದಲು ದಟ್ಟ. ಕೂದಲು ಉದ್ದವಿದ್ದರಂತೂ ಒಳಗೆ ಎಲುಬಿನ ಹಂದರವೇ ಉಳಿದಿದ್ದರೂ ಹೊರಗಿನಿಂದ ಹತ್ತಿಯ ಉಂಡೆಯಂತೆ ಕಾಣುತ್ತದೆ. ಕೂದಲು ಉದುರುವ ಕಾಲಕ್ಕೆ ಅದೇ ಮೊಲ ಬಡವಾದಂತೆ ಕಾಣುತ್ತದೆ. ಕೂದಲಿನ ಕೆಳಗೆ ಇಳಿಯಬಲ್ಲದ್ದು ಬೆರಳೊಂದೇ.

ಕೈಯಿಂದ ನೋಡುವ ರೀತಿ

ಮೊದಲು ನಿಮ್ಮ ಕೈಯನ್ನೇ ಪಾಠದ ಪುಸ್ತಕ ಮಾಡಿಕೊಳ್ಳಿರಿ. ಬಲಗೈ ಮುಷ್ಟಿ ಕಟ್ಟಿ, ಬೆರಳ ಬುಡದ ಗೆಣ್ಣುಗಳ ಮೇಲೆ ಎಡಗೈ ಬೆರಳು ಆಡಿಸಿರಿ. ಎಲುಬು ಚೂಪಾಗಿ ಹತ್ತುತ್ತದೆ. ಮೊಲದ ಪಕ್ಕೆಲುಬು ಹೀಗೆ ಹತ್ತಿದರೆ ಅದು ಬಡಕಲು. ಈಗ ಮುಷ್ಟಿ ಬಿಚ್ಚಿ, ಅಂಗೈ ಕೆಳಗೆ ಮಾಡಿ, ಕೈಯ ಹಿಂಭಾಗವನ್ನು ಸವರಿರಿ. ತೆಳು ಹೊದಿಕೆಯ ಕೆಳಗೆ ಎಲುಬಿನ ಗೆರೆಗಳು ಮೆತ್ತಗೆ ತಿಳಿಯುತ್ತವೆ. ಮೊಲ ಹೀಗಿದ್ದರೆ ಸರಿ. ಕಡೆಗೆ ಅಂಗೈ ತಿರುಗಿಸಿ ಹೆಬ್ಬೆರಳ ಬುಡದ ದಿಂಡನ್ನು ಒತ್ತಿರಿ. ಎಲುಬು ಎಲ್ಲಿದೆಯೆಂದು ಹುಡುಕಬೇಕು. ಮೊಲ ಹೀಗಿದ್ದರೆ ಅದಕ್ಕೆ ಕೊಬ್ಬು ಏರಿದೆ.

ಇನ್ನು ಮೊಲವನ್ನು ನೆಲದ ಮೇಲೆ ಗೋಣಿತಟ್ಟು ಹಾಸಿ ಕೂಡ್ರಿಸಿರಿ. ಕಿವಿ ಹಿಡಿದು ಎತ್ತುವದು ದೊಡ್ಡ ತಪ್ಪು. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇರಬೇಕು. ಹಿಂಗಾಲು ಜೋತುಬಿದ್ದರೆ ಅದು ಒದೆಯುತ್ತದೆ, ಆ ಒದೆತಕ್ಕೆ ಅದರ ಬೆನ್ನೇ ಮುರಿಯಬಹುದು.

ಭುಜದಿಂದ ಬಾಲದವರೆಗೆ ಬೆನ್ನುಮೂಳೆಯ ಮೇಲೆ ಹೆಬ್ಬೆರಳು-ತೋರುಬೆರಳು ನಡೆಸಿರಿ. ಗರಗಸದ ಹಲ್ಲಿನಂತೆ ಹತ್ತಿದರೆ ಬಡವಾಗಿದೆ. ಗುಂಡಗಿನ ಮಣಿಗಳಂತೆ ಒಂದೊಂದಾಗಿ ತಿಳಿದರೆ ಚೆನ್ನಾಗಿದೆ. ಒತ್ತಿದರೂ ಮಣಿ ಸಿಗದಿದ್ದರೆ ದಪ್ಪವಾಗಿದೆ. ಆಮೇಲೆ ಮುಂಗಾಲಿನ ಹಿಂದೆ ಎರಡೂ ಕೈಯಿಂದ ಪಕ್ಕೆಲುಬು ನೋಡಿರಿ. ಒತ್ತಡ ಹಗುರಾಗಿರಲಿ. ಆಮೇಲೆ ಹಿಂದಿನ ಚಪ್ಪೆಯ ಎಲುಬು: ಚಪ್ಪೆ ಒಳಗೆ ಕುಸಿದಿದ್ದರೆ ಬಡತನ, ಸಮವಿದ್ದರೆ ಸರಿ, ಎಲುಬೇ ಸಿಗದಷ್ಟು ಉಬ್ಬಿದ್ದರೆ ಕೊಬ್ಬು. ಕಡೆಗೆ ಮೇಲಿನಿಂದ ನೋಡಿರಿ. ಒಳ್ಳೆಯ ಮೈಯ ಮೊಲ ಹಿಂಭಾಗದಲ್ಲಿ ಸ್ವಲ್ಪ ಅಗಲ, ಮುಂಭಾಗದಲ್ಲಿ ಸ್ವಲ್ಪ ಕಿರಿದು. ಎರಡೂ ಪಕ್ಕಕ್ಕೆ ಹೊಟ್ಟೆ ಚೀಲದಂತೆ ಹೊರಬಿದ್ದಿದ್ದರೆ ಲಕ್ಷ್ಯ ಕೊಡಬೇಕು.

ಪಶುವೈದ್ಯರು ಇದನ್ನೇ ಐದು ಮೆಟ್ಟಿಲುಗಳಲ್ಲಿ ಎಣಿಸುತ್ತಾರೆ. ಒಂದು ಎಂದರೆ ಎಲುಬಿನ ಹಂದರ, ಎರಡು ತೆಳುವು, ಮೂರು ತಕ್ಕ ಮೈ, ನಾಲ್ಕು ದಪ್ಪ, ಐದು ಅತಿ ಕೊಬ್ಬು. ಶಾಲೆಯ ಮಗುವೂ ನೆನಪಿಡಬಹುದಾದ ಲೆಕ್ಕವಿದು. ನಮ್ಮ ಗುರಿ ಮೂರು.

ಕೈಗೂ ಮೋಸವಾಗುವ ಎಡೆಗಳು

ಮೂರು ಎಡೆಯಲ್ಲಿ ಎಚ್ಚರ ಬೇಕು. ಒಂದನೆಯದು ಗಂಗೆದೊಗಲು. ಎತ್ತಿಗಿರುವಂತೆ ಬಲಿತ ಹೆಣ್ಣುಮೊಲಕ್ಕೂ ಗದ್ದದ ಕೆಳಗೆ ತೊಗಲಿನ ಮಡಿಕೆ ಇರುತ್ತದೆ. ದೊಡ್ಡ ತಳಿಗಳಲ್ಲಿ ಅದು ಸಹಜ. ಅದನ್ನು ಕಂಡಕೂಡಲೆ ಕೊಬ್ಬು ಎನ್ನಬಾರದು. ಆದರೆ ಅದು ಬೆಳೆದು ಮೇವಿಗೂ ಬಾಯಿಗೂ ಅಡ್ಡ ಬಂದರೆ, ಸದಾ ಹಸಿಯಾಗಿ ಇದ್ದರೆ, ತೂಕ ಹೆಚ್ಚಿದೆಯೆಂದೇ ತಿಳಿಯಬೇಕು.

ಎರಡನೆಯದು ಬಸಿರು. ಗಂಡು-ಹೆಣ್ಣು ಕೂಡಿಯೇ ಇದ್ದಲ್ಲಿ ಹೆಣ್ಣಿನ ಹೊಟ್ಟೆ ದಪ್ಪವಾದದ್ದು ಮೇವಿನಿಂದಲೇ ಎಂದು ಹೇಳಲಿಕ್ಕೆ ಬರುವದಿಲ್ಲ. ಮೊಲದ ಗರ್ಭಕಾಲ ಸುಮಾರು 31 ದಿನ ಮಾತ್ರ. ಅಂಥ ಹೊಟ್ಟೆಯನ್ನು ಒತ್ತಿ ನೋಡಬಾರದು, ಮೇವನ್ನು ಕಡಿಮೆ ಮಾಡಲೂಬಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹೊಟ್ಟೆ ಡೊಳ್ಳಿನಂತೆ ಉಬ್ಬಿದೆ, ಬೆನ್ನು ಮಾತ್ರ ಗರಗಸ. ಮರಿಗಳಲ್ಲಿ ಇದು ಹೆಚ್ಚು. ನೋಡಿದವರು ದುಂಡಗಿದೆ ಎಂದು ಸಂತೋಷಪಡುತ್ತಾರೆ. ಅದು ಆರೋಗ್ಯವಲ್ಲ, ರೋಗ. ಕಾಕ್ಸಿಡಿಯಾ ಎಂಬ ಕಣ್ಣಿಗೆ ಕಾಣದ ಜೀವಿಗಳು ಕರುಳಿನಲ್ಲಿಯೋ ಪಿತ್ತಕೋಶದ ಕೊಳವೆಗಳಲ್ಲಿಯೋ ಸೇರಿದಾಗ ಹೀಗಾಗಬಹುದು. ಕಣ್ಣು ಹೊಟ್ಟೆಯನ್ನು ನೋಡಿ ಮೋಸಹೋಗುತ್ತದೆ, ಬೆನ್ನ ಮೇಲಿಟ್ಟ ಕೈ ಮೋಸಹೋಗುವದಿಲ್ಲ. ಇಂಥ ಮರಿಯನ್ನು ಅದೇ ದಿನ ದನದ ದವಾಖಾನೆಗೆ ಒಯ್ಯಬೇಕು.

ಆಮೇಲೆ ತಕ್ಕಡಿ

ಕೈ ‘ಮೂರು’ ಎಂದ ದಿನ ಮೊಲವನ್ನು ತೂಗಿರಿ. ಆ ಅಂಕಿಯೇ ಆ ಮೊಲದ ಸ್ವಂತ ತಕ್ಕ ತೂಕ. ಪುಸ್ತಕದ ಅಂಕಿಗಿಂತ ಅದು ಹೆಚ್ಚು ನಂಬತಕ್ಕದ್ದು. ಮರಿಯಾಗಿದ್ದರೆ ಬೆಳೆಯುತ್ತ ಹೋಗುವದರಿಂದ ತೂಕ ಏರಲೇಬೇಕು. ಬಲಿತ ಮೇಲೆ ಒಂದು ಕಡೆ ನಿಲ್ಲಬೇಕು.

ತೂಗುವ ರೀತಿ ಸುಲಭ. ಕಿರಾಣಿ ಅಂಗಡಿಯ ಇಲೆಕ್ಟ್ರಾನಿಕ್ ಕಾಟಾ ಸಾಕು. ಖಾಲಿ ಬುಟ್ಟಿಯನ್ನು ಮೊದಲು ತೂಗಿ ಬರೆದುಕೊಳ್ಳಿರಿ. ಆಮೇಲೆ ಬುಟ್ಟಿಯಲ್ಲಿ ತಟ್ಟು ಹಾಸದೆ ಮೊಲವನ್ನಿಟ್ಟು ತೂಗಿ ಕಳೆಯಿರಿ. ತಟ್ಟು ಬೇಕಾದರೆ ಎರಡೂ ಸಲ ಇರಲಿ. ಪ್ರತಿಸಲ ಒಂದೇ ಹೊತ್ತಿಗೆ, ಮುಂಜಾನೆ ಮೇವಿಗೆ ಮೊದಲು ತೂಗಬೇಕು. ವಾರಕ್ಕೊಮ್ಮೆ ಕೈಯಿಂದ ನೋಡುವದು, ಹದಿನೈದು ದಿನಕ್ಕೊಮ್ಮೆ ತೂಗುವದು, ಎರಡನ್ನೂ ತಾರೀಖಿನೊಡನೆ ಒಂದು ಹಳೆಯ ವಹಿಯಲ್ಲಿ ಬರೆಯುವದು. ಇಷ್ಟೇ ಕೆಲಸ.

ಅಂಕಿ ಸಣ್ಣದೆಂದು ಅಸಡ್ಡೆ ಮಾಡಬಾರದು. 2 ಕಿಲೋ ಮೊಲದ ತೂಕ 200 ಗ್ರಾಂ ಇಳಿದರೆ ನೂರಕ್ಕೆ ಹತ್ತು ಪಾಲು ಇಳಿದಂತೆ. 400 ಕಿಲೋದ ಎತ್ತು 40 ಕಿಲೋ ಇಳಿದರೆ ನೀವು ಆ ರಾತ್ರಿ ನಿದ್ದೆ ಮಾಡುವಿರಾ?

ಕೊಬ್ಬಿದ ಮೊಲಕ್ಕೆ ಆಗುವದೇನು?

ಮೊಲಕ್ಕೆ ಎರಡು ತರದ ಹಿಕ್ಕೆ ಬರುತ್ತವೆ. ಒಂದು ನಾವು ಕಸಬರಿಗೆಯಿಂದ ಗುಡಿಸುವ ಗಟ್ಟಿ ಹಿಕ್ಕೆ. ಇನ್ನೊಂದು ಮೆತ್ತಗಿನದು, ಅದನ್ನು ಮೊಲವು ಬಾಗಿ ತನ್ನ ಬಾಯಿಯಿಂದಲೇ ತೆಗೆದು ತಿನ್ನುತ್ತದೆ. ಅಸಹ್ಯಪಡುವ ಕಾರಣವಿಲ್ಲ. ಆಕಳು ಮೆಲುಕು ಹಾಕಿ ಮೇವಿನ ಸಾರ ತೆಗೆದಂತೆ ಮೊಲವು ಈ ರೀತಿ ಎರಡನೆಯ ಸಲ ಅರಗಿಸಿಕೊಳ್ಳುತ್ತದೆ. ಕೊಬ್ಬಿದ ಮೊಲ ಅಷ್ಟು ಬಾಗಲಾರದು. ಆ ಹಿಕ್ಕೆ ಬಾಲದ ಕೆಳಗೆ ಮೆತ್ತಿಕೊಳ್ಳುತ್ತದೆ, ನೊಣ ಮುತ್ತುತ್ತದೆ, ತತ್ತಿಯಿಟ್ಟು ಹುಳ ಬೀಳುತ್ತದೆ. ಹುಳ ಬಿದ್ದ ಮೊಲ ಬಹುಬೇಗ ಸಾಯಬಹುದು. ಆದಕಾರಣ ಬಾಲದ ಕೆಳಗಿನ ಕೂದಲು ಶುಚಿಯಾಗಿದೆಯೇ ಎಂದು ನೋಡುವದೂ ತೂಕದ ಪರೀಕ್ಷೆಯ ಒಂದು ಭಾಗವೇ ಸರಿ.

ಮೊಲದ ಪಾದಕ್ಕೆ ನಾಯಿಗಿರುವಂತೆ ಗಟ್ಟಿ ಮೆತ್ತೆಯಿಲ್ಲ, ಕೂದಲಿನ ಹೊದಿಕೆಯಷ್ಟೇ. ಭಾರ ಹೆಚ್ಚಾದರೆ, ಅದೂ ತಂತಿ ಜಾಳಿಗೆಯ ಮೇಲೆ ನಿಂತರೆ, ಹಿಂಗಾಲಿನ ಅಡಿ ಸವೆದು ಹುಣ್ಣಾಗುತ್ತದೆ.

ಇನ್ನು ಬಿಸಿಲು. ಮೊಲಕ್ಕೆ ಮನುಷ್ಯರಂತೆ ಮೈ ಬೆವರುವದಿಲ್ಲ. ಕಿವಿಗಳ ರಕ್ತನಾಳಗಳ ಮೂಲಕ, ಉಸಿರಿನ ಮೂಲಕ ಅದು ಮೈಶಾಖ ಕಳೆದುಕೊಳ್ಳಬೇಕು. 30 ಡಿಗ್ರಿ ದಾಟಿತೆಂದರೆ ಅದಕ್ಕೆ ಕಷ್ಟ ಸುರು; ಸೊಲ್ಲಾಪುರದಲ್ಲಿ ಚೈತ್ರ-ವೈಶಾಖಗಳ ಬಿಸಿಲು 40 ದಾಟುವದು ಹೊಸ ಮಾತಲ್ಲ. ಮಧ್ಯಸರಕಾರದ ಕುರಿ ಮತ್ತು ಉಣ್ಣೆ ಸಂಶೋಧನ ಸಂಸ್ಥೆಯು ದಕ್ಷಿಣದಲ್ಲಿ ಮೊಲ ಸಾಕಣೆಯ ಕೆಲಸವನ್ನು ನಡೆಸುವದು ತಮಿಳುನಾಡಿನ ಕೊಡೈಕನಾಲ ಬೆಟ್ಟಗಳಲ್ಲಿಯ ಮನ್ನವನೂರಿನಲ್ಲಿ. ತಂಪು ಹವೆಯ ಪ್ರಾಣಿಯನ್ನು ನಾವು ತಗಡಿನ ಕೆಳಗೆ ಇಡುತ್ತೇವೆ. ಅದರ ಮೈಮೇಲೆ ಕೊಬ್ಬಿನ ಕಂಬಳಿಯನ್ನೂ ಹೊದಿಸಿದರೆ ಹೇಗೆ ತಾಳೀತು? “ಬಿಸಿಲು ತಡೀಲಿಲ್ಲ” ಎಂಬ ಮಾತಿನ ಅರ್ಧವನ್ನು ಬಿಸಿಲಿಗೆ ಬಿಟ್ಟರೂ, ಇನ್ನರ್ಧ ನಮ್ಮ ಬಿಸ್ಕೀಟಿಗೆ ಸೇರಬೇಕಾದದ್ದು. ಬೇಸಿಗೆಯಲ್ಲಿ ಮೊಲ ಮಣ್ಣಿನ ಗೋಡೆಯ ನೆರಳಲ್ಲಿ ಇರಬೇಕು, ಗಾಳಿಯಾಡುವ ಬದಿಗೆ ಹಸಿ ಗೋಣಿತಟ್ಟು ತೂಗಬೇಕು, ತಂಪು ನೀರು ಸದಾ ಇರಬೇಕು. ಆದರೆ ಈ ಎಲ್ಲ ಉಪಚಾರಕ್ಕಿಂತ ಮೊದಲಿನದು ಹಗುರವಾದ ಮೈ.

ಮೇವು: ಪೇಟೆಯಲ್ಲಲ್ಲ, ಬದುವಿನಲ್ಲಿ

ಮೊಲದ ಮೇವಿನ ನೂರರಲ್ಲಿ ಎಂಬತ್ತು ಪಾಲು ಹುಲ್ಲೇ ಇರಬೇಕು. ಅದರ ಹಲ್ಲು ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತದೆ. ಹುಲ್ಲನ್ನು ಗಂಟೆಗಟ್ಟಲೆ ಅರೆದರೇನೇ ಸವೆಯುತ್ತದೆ. ಬಿಸ್ಕೀಟು, ಪಾವು ಅರೆಯದೆ ಕರಗುತ್ತವೆ. ಹಲ್ಲೂ ಕೆಡುತ್ತದೆ, ಹೊಟ್ಟೆಯೂ ಕೆಡುತ್ತದೆ. ಮಳೆಗಾಲದ ಕೊನೆಗೆ ಬದುವಿನ ಹುಲ್ಲನ್ನು ಕೊಯ್ದು, ನೆರಳಿನಲ್ಲಿ ಒಣಗಿಸಿ, ಬೂಸ್ಟು ಹಿಡಿಯದಂತೆ ಕಟ್ಟಿಟ್ಟರೆ ವರ್ಷದ ಮೇವು ಮನೆಯಲ್ಲೇ ಆಯಿತು. ಹಸಿ ಕರಿಕೆ ಹುಲ್ಲು ಬಹಳ ಒಳ್ಳೆಯದು. ದಿನಕ್ಕೆ ಒಂದು ಹಿಡಿ ಕೊತ್ತಂಬರಿ, ಮೂಲಂಗಿಯ ಎಲೆ, ಸ್ವಲ್ಪ ಮೆಂತೆ ಸೊಪ್ಪು ಸಲ್ಲುತ್ತದೆ. ಚಿತ್ರದ ಪುಸ್ತಕ ನೋಡಿ ಮೊಲಕ್ಕೆ ಗಜ್ಜರಿಯೇ ಊಟವೆಂದು ಮಕ್ಕಳು ತಿಳಿಯುತ್ತಾರೆ. ಗಜ್ಜರಿ ಸಿಹಿ, ಒಂದು ತೆಳು ಬಿಲ್ಲೆ ಸಾಕು, ಅದರ ಎಲೆ ಬೇಕಾದರೆ ಹೆಚ್ಚು ಕೊಡಿರಿ.

ಲಸೂಣ ಘಾಸ ಬೆಳೆದವರು ಅದನ್ನೇ ದಿನಾಲು ಹಾಕುವದುಂಟು. ಬೆಳೆಯುವ ಮರಿಗೆ, ಹಾಲೂಡಿಸುವ ತಾಯಿಗೆ ಅದು ತಕ್ಕದ್ದು. ಬಲಿತು ಕುಳಿತ ಮೊಲಕ್ಕೆ ಅದರ ಸಾರ ಹೆಚ್ಚಾಗುತ್ತದೆ. ಪೇಟೆಯ ಗುಳಿಗೆ ಮೇವು ಕೊಡುವವರು ಬಲಿತ ಮೊಲಕ್ಕೆ ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ದಾಟಬಾರದು. ಕಾಳು, ಹಿಂಡಿ, ರೊಟ್ಟಿ, ಬೆಲ್ಲ, ಬಟಾಟಿ, ಉಳ್ಳಾಗಡ್ಡಿ ಬೇಡವೇ ಬೇಡ. ಎಳೆ ಜೋಳದ ಪೈರಿನ ವಿಷ ದನಕ್ಕೆ ಏನು ಮಾಡುತ್ತದೆಂಬದು ಜೋಳದ ಸೀಮೆಯವರಾದ ನಮಗೆ ಹೇಳಬೇಕಾದದ್ದಿಲ್ಲ. ಮೊಲಕ್ಕೂ ಅದನ್ನು ಮುಟ್ಟಿಸಬಾರದು. ಕಳೆನಾಶಕ, ಕೀಟನಾಶಕ ಹೊಡೆದ ಹೊಲದ ಬದುವಿನಿಂದ ಹುಲ್ಲು ತರಲೂಬಾರದು.

ಓದುಗರು ಗಮನಿಸಿರಬಹುದು: ಒಳ್ಳೆಯ ಮೇವೆಲ್ಲ ಬದುವಿನಲ್ಲಿ ಪುಕ್ಕಟೆ ಸಿಗುವಂಥದು, ಕೆಟ್ಟದ್ದೆಲ್ಲ ರೊಕ್ಕ ಕೊಟ್ಟು ಕೊಂಡದ್ದು.

ಇಳಿಸುವದೂ ಮೆಲ್ಲಗೆ

ಕೈ ‘ನಾಲ್ಕು’ ಅಥವಾ ‘ಐದು’ ಎಂದರೆ ಗಾಬರಿಯಾಗಿ ಮೊಲವನ್ನು ಉಪವಾಸ ಕೆಡವಬೇಡಿರಿ. ಇದು ಪ್ರಾಣದ ಮಾತು. ಮೊಲದ ಕರುಳು ಸದಾ ನಡೆಯುತ್ತಿರಬೇಕು. ಕೊಬ್ಬಿದ ಮೊಲ ಒಮ್ಮೆಲೆ ಮೇವು ಬಿಟ್ಟರೆ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ನುಗ್ಗಿ ಅದು ಸಾಯಬಹುದು. ಕಾಳು-ಬಿಸ್ಕೀಟುಗಳನ್ನು ಒಂದೆರಡು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ತೆಗೆಯಿರಿ, ಅದರ ಬದಲು ಒಣಹುಲ್ಲನ್ನು ಬೇಕಾದಷ್ಟು ಹಾಕಿರಿ. ದಿನಕ್ಕೆ ಎರಡು-ಮೂರು ತಾಸು ಅಂಗಳದಲ್ಲಿ ನಾಯಿ-ಬೆಕ್ಕಿನ ಭಯವಿಲ್ಲದೆ ಓಡಾಡಲು ಬಿಡಿರಿ. ವಾರಕ್ಕೆ ನೂರಕ್ಕೆ ಒಂದು ಅಥವಾ ಎರಡು ಪಾಲು ಇಳಿದರೆ ಸಾಕು. 2 ಕಿಲೋ ಮೊಲಕ್ಕೆ 20ರಿಂದ 40 ಗ್ರಾಂ. ಏರಲಿಕ್ಕೆ ವರ್ಷ ಹಿಡಿದದ್ದು ಇಳಿಯಲಿಕ್ಕೆ ತಿಂಗಳುಗಳು ಹಿಡಿಯಲಿ.

ಕೈ ‘ಒಂದು’ ಅಥವಾ ‘ಎರಡು’ ಎಂದರೆ ಮಾತು ಬೇರೆ. ಬಲಿತ ಮೊಲ ಮೇವು ಮುಂದಿದ್ದೂ ಬಡವಾಗುತ್ತಿದ್ದರೆ ಒಳಗೆ ಕಾರಣವಿದೆ. ಹಿಂದಿನ ಹಲ್ಲು ಮೊನಚಾಗಿ ಬೆಳೆದು ನಾಲಿಗೆಯನ್ನೋ ಗಲ್ಲವನ್ನೋ ಕೊಯ್ಯುತ್ತಿರಬಹುದು. ಆಗ ಗದ್ದ ಹಸಿಯಾಗಿರುತ್ತದೆ, ಹುಲ್ಲು ಬಿಟ್ಟು ಮೆತ್ತಗಿನದನ್ನೇ ಹುಡುಕುತ್ತದೆ. ಕರುಳಿನ ರೋಗವಿರಬಹುದು. ಹೆಚ್ಚು ಕಾಳು ಹಾಕಿ ಇದನ್ನು ಮುಚ್ಚಬಾರದು. ಮೊಲ ಅರ್ಧ ದಿನ ಏನೂ ತಿನ್ನಲಿಲ್ಲ, ಹಿಕ್ಕೆಯೂ ಬೀಳಲಿಲ್ಲ ಎಂದರೆ ನಾಳೆಯ ಸಂತೆಯನ್ನು ಕಾಯದೆ ಡಾಕ್ಟರರಲ್ಲಿಗೆ ಹೋಗಬೇಕು. ಆಡಿಗೆ ತಂದ ಔಷಧವನ್ನಾಗಲಿ, ಮನೆಯಲ್ಲುಳಿದ ಮನುಷ್ಯರ ಗುಳಿಗೆಯನ್ನಾಗಲಿ ಕೊಡಬಾರದು. ಅಮಾಕ್ಸಿಸಿಲಿನ್, ಪೆನಿಸಿಲಿನ್ ಜಾತಿಯ ಔಷಧಗಳನ್ನು ಬಾಯಿಯಿಂದ ಕೊಟ್ಟರೆ ಮೊಲದ ಕರುಳಿನ ಉಪಕಾರಿ ಜೀವಿಗಳು ಸತ್ತು ಮೊಲವೂ ಸಾಯಬಹುದು.

ದವಾಖಾನೆಗೆ ಹೋಗುವಾಗ ಆ ಹಳೆಯ ವಹಿಯನ್ನು ಮರೆಯಬಾರದು. ಗಡಿಯಾಚೆಯ ನಮಗೆ ಇನ್ನೊಂದು ಅನುಕೂಲ ಅದರಿಂದ ಉಂಟು. ಡಾಕ್ಟರರು ಮರಾಠಿಯವರಿದ್ದು, ನಮ್ಮ ಮುದುಕಿಗೆ ಮರಾಠಿ ತೊದಲಿದರೂ, ‘ಸಸಾ’, ‘ವಜನ’ ಎಂಬ ಎರಡು ಮಾತು ಹೇಳಿ ವಹಿ ತೆರೆದರೆ ಸಾಕು. ತಾರೀಖು ಮತ್ತು ಗ್ರಾಮಿನ ಅಂಕಿಗೆ ಭಾಷೆಯ ಅಡ್ಡಿಯಿಲ್ಲ. ಮೊಲ ಯಾವ ವಾರದಿಂದ ಇಳಿಯಿತೆಂದು ಅವರು ಕೂಡಲೆ ತಿಳಿಯುತ್ತಾರೆ.

ಇಷ್ಟು ಉಪಚಾರ ಯಾಕೆ?

“ಹೊಲದಲ್ಲಿ ತೊಗರಿ ಒಣಗುತ್ತಿರುವಾಗ ಮೊಲದ ಪಕ್ಕೆಲುಬು ಎಣಿಸುತ್ತ ಕೂಡ್ರುವದೇ?” ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಮೊಲ ಉಳುವದಿಲ್ಲ, ಹಾಲು ಕೊಡುವದಿಲ್ಲ. ಅದಕ್ಕಾಗಿಯೇ ನಾವು ಹೇಳುವದು: ಸಮಯವಿಲ್ಲದವರು ಮೊಲವನ್ನು ತರಬಾರದು. ಅದು ತಾನಾಗಿ ನಮ್ಮ ಮನೆಗೆ ಬಂದ ಪ್ರಾಣಿಯಲ್ಲ, ನಾವು ರೊಕ್ಕ ಕೊಟ್ಟು ತಂದು ಪಂಜರದಲ್ಲಿಟ್ಟದ್ದು. ತನ್ನ ಮೇವನ್ನು ತಾನು ಹುಡುಕುವ ದಾರಿಯನ್ನು ನಾವೇ ಮುಚ್ಚಿದ ಮೇಲೆ, ಅದರ ಮೈಯ ಲೆಕ್ಕ ನಮ್ಮದೇ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯದೆಯೂ ಸಾಕಿದವನ ಮೇಲೆ ಪ್ರಾಣಿಯ ಯೋಗಕ್ಷೇಮದ ಹೊಣೆಯನ್ನು ಹೊರಿಸಿದೆ. ವಾರಕ್ಕೆ ಐದು ನಿಮಿಷ, ಹದಿನೈದು ದಿನಕ್ಕೊಮ್ಮೆ ಒಂದು ತೂಕ, ಇದು ಯಾವ ಒಕ್ಕಲಿಗನಿಗೂ ಭಾರವಲ್ಲ.

ಮಕ್ಕಳ ಮಾತನ್ನೂ ಮರೆಯಬಾರದು. ಪ್ರೀತಿಯೆಂದರೆ ಬಾಯಿಗೆ ತುರುಕುವದು ಎಂದು ಮೊಲದ ಮೇಲೆ ಕಲಿತ ಮಗು ನಾಳೆ ಆಡಿನ ಮೇಲೂ ಎತ್ತಿನ ಮೇಲೂ ಅದನ್ನೇ ನಡೆಸುತ್ತದೆ. ಪ್ರೀತಿಯೆಂದರೆ ಕೈಯಿಟ್ಟು ನೋಡುವದು, ಬರೆದಿಡುವದು, ಬೇಡಿದ್ದನ್ನೆಲ್ಲ ಕೊಡದಿರುವದು ಎಂದು ಕಲಿತ ಮಗು ಮುಂದೆ ಒಳ್ಳೆಯ ಒಕ್ಕಲಿಗನಾಗುತ್ತದೆ. ನಮ್ಮ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಕೂಡಿಸುವ-ಕಳೆಯುವ ಲೆಕ್ಕಕ್ಕೆ, ಶೇಕಡಾ ಲೆಕ್ಕಕ್ಕೆ, ನಕ್ಷೆಗೆ ಬೇರೆ ಉದಾಹರಣೆ ಹುಡುಕುವ ಬದಲು ಯಾರ ಮನೆಯಲ್ಲಿ ಮೊಲವಿದೆಯೋ, ಆಡಿನ ಮರಿಯಿದೆಯೋ, ಅದರ ಹದಿನೈದು ದಿನದ ತೂಕವನ್ನು ಬರೆದು ತರಲು ಹೇಳಿದರೆ ಲೆಕ್ಕವೂ ಬಂದೀತು, ಜೀವದಯೆಯೂ ಬಂದೀತು.

ಆದಕಾರಣ ಮನೆಯಲ್ಲಿ ಮೊಲವಿರುವ ಬಂಧುಗಳು ಈ ಪುಟವನ್ನು ಮಡಿಸಿಡುವ ಮುನ್ನ ಒಂದು ಕೆಲಸ ಮಾಡಬೇಕೆಂದು ಬಿನ್ನಹ. ಮಗುವನ್ನು ಕರೆದು ಹತ್ತಿರ ಕೂಡ್ರಿಸಿಕೊಳ್ಳಿರಿ, ಅದರ ಬೆರಳನ್ನು ಹಿಡಿದು ಮೊಲದ ಬೆನ್ನುಮೂಳೆಯ ಮೇಲೆ ನಡೆಸಿರಿ. ಮಣಿ ಸಿಕ್ಕಿತೋ, ಗರಗಸ ಸಿಕ್ಕಿತೋ, ಏನೂ ಸಿಗಲಿಲ್ಲವೋ ಎಂಬದನ್ನು ಇಂದಿನ ತಾರೀಖು ಹಾಕಿ ಮಗುವೇ ಬರೆಯಲಿ.